ಊರ ಮುಂದಿನ ಬಯಲು: ಒಂದು ಸಂವತ್ಸರದ ಪಾಠ

ಮನೆಗೆ ಅಂಗಳವು ಹೇಗೋ ಊರಿಗೆ ಬಯಲು ಹಾಗೆ. ಅಂಗಳವಿಲ್ಲದ ಮನೆಯಲ್ಲಿ ಒಳಗಿನವರು ಒಳಗೇ ಇರುವರು, ಹೊರಗಿನವರು ಹೊರಗೇ ಉಳಿಯುವರು. ಅಂತೆಯೇ ಬಯಲಿಲ್ಲದ ಊರಿನಲ್ಲಿ ಕೇರಿಗಳು ಇರಬಹುದು, ಅಂಗಡಿಬೀದಿಗಳು ಇರಬಹುದು, ಆದರೆ ಆ ಕೇರಿಯವರೂ ಈ ಕೇರಿಯವರೂ ಒಬ್ಬರ ಮುಖವನ್ನೊಬ್ಬರು ನೋಡುವುದಕ್ಕೆ ಎಡೆಯಿರುವುದಿಲ್ಲ. ಆದುದರಿಂದ ಬಯಲನ್ನು ಕುರಿತ ಪಾಠವು ಊರನ್ನೇ ಕುರಿತ ಪಾಠವೆಂದು ತಿಳಿಯಬೇಕು.

ಈ ಪಾಠವು ನಮಗೆ ಹೊಳೆದ ಬಗೆಯನ್ನು ಮೊದಲು ಹೇಳುವೆವು. ಒಂದು ದಿನ ಭೂಗೋಳದ ತರಗತಿಯಲ್ಲಿ ಬಾಲಕಿಯರಿಗೆ ಒಂದು ಕೆಲಸವನ್ನು ಕೊಟ್ಟೆವು. “ನಿಮ್ಮ ನಿಮ್ಮ ಊರಿನ ಬಯಲಿನ ನಕ್ಷೆಯನ್ನು ನೆನಪಿನಿಂದಲೇ ಬರೆಯಿರಿ. ನೀವು ಎಲ್ಲಿ ನಿಂತಿದ್ದಿರೋ ಅಲ್ಲಿ ಒಂದು ಚುಕ್ಕಿಯನ್ನಿಡಿರಿ” ಎಂದೆವು. ನಕ್ಷೆಗಳು ಬಂದವು. ಹೂವಿನವರು ಕುಳಿತುಕೊಳ್ಳುವ ಮೂಲೆ, ಬಳೆಯ ಅಂಗಡಿ, ನೀರಿನ ಕೊಳಾಯಿ, ಗುಡಿಯ ಮೆಟ್ಟಲು, ಬಸ್ಸು ನಿಲ್ಲುವ ಸ್ಥಳ, ಇವೆಲ್ಲವೂ ಬಹು ಚೆನ್ನಾಗಿ, ತಪ್ಪಿಲ್ಲದೆ ಬರೆಯಲ್ಪಟ್ಟಿದ್ದವು. ಆದರೆ ನಡುವಿನ ಭಾಗವು ಬರಿದಾಗಿತ್ತು. ಚುಕ್ಕಿಗಳೆಲ್ಲವೂ ಅಂಚಿನಲ್ಲಿಯೇ ಇದ್ದವು. ಒಬ್ಬ ಬಾಲಕಿ ಮಾತ್ರ ನಡುವೆ ಒಂದು ಚುಕ್ಕಿಯನ್ನಿಟ್ಟಿದ್ದಳು. “ಅಲ್ಲಿ ಯಾವಾಗ ನಿಂತಿದ್ದೆ?” ಎಂದು ಕೇಳಲು, “ಆಗಸ್ಟ್ ೧೫ರಂದು ಕವಾಯಿತಿನಲ್ಲಿ, ಮಿಸ್, ಆ ಒಂದು ದಿನವೇ” ಎಂದಳು.

ಆ ಉತ್ತರವು ನಮ್ಮ ಮನಸ್ಸನ್ನು ಬಹಳ ಹೊತ್ತು ಹಿಡಿಯಿತು. ವರ್ಷದಲ್ಲಿ ೩೬೫ ದಿನಗಳಿರುವಲ್ಲಿ ನಮ್ಮ ಹೆಣ್ಣುಮಕ್ಕಳು ಊರ ನಡುವೆ ನಿಲ್ಲುವ ದಿನಗಳು ಎಷ್ಟು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಗಳಲ್ಲಿ ಒಂದು ಸಂವತ್ಸರವನ್ನು ಸುತ್ತಿಬರೋಣ. ಹಿಂದೆ ಇಲ್ಲಿ ಕಲಿತುಹೋದ ಸೋದರಿಯರೂ, ಈಗ ಮಕ್ಕಳನ್ನು ಕಳುಹಿಸುತ್ತಿರುವ ತಾಯಿತಂದೆಗಳೂ ನಮ್ಮೊಡನೆ ಬರಬೇಕೆಂದು ಬೇಡುವೆವು.

೧. ಬಯಲು ಹುಟ್ಟಿದ ಬಗೆ

ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯಲ್ಲಿ ಜಿಲ್ಲಾಪಟ್ಟಣಕ್ಕೆ ಉತ್ತರವಾಗಿ ಹರಡಿಕೊಂಡಿವೆ. ಕಂದಾಯದ ಆಡಳಿತದಲ್ಲಿ ಇವು ಮಧುಗಿರಿ ಉಪವಿಭಾಗಕ್ಕೆ ಸೇರಿದವು. ವಿದ್ಯಾ ಇಲಾಖೆಯವರು ಇವನ್ನೇ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುವರು. ಮಳೆ ಕಡಮೆ, ಕಲ್ಲು ಹೆಚ್ಚು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳ ಸೀಮೆಯನ್ನು ಹಾದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಕೂಡುವುದು.

ಇಲ್ಲಿಯ ಹಳೆಯ ಊರುಗಳ ಕಟ್ಟು ಬಹುಮಟ್ಟಿಗೆ ಒಂದೇ ರೀತಿಯದು: ಕೋಟೆ, ಅದರ ಮಗ್ಗುಲಲ್ಲಿ ಕೆರೆ, ಅದರಾಚೆ ಪೇಟೆ. ಕೋಟೆಗೂ ಪೇಟೆಗೂ ನಡುವೆ ಒಂದಿಷ್ಟು ತೆರಪಾದ ನೆಲವಿರುವುದು. ದಂಡು ಇಳಿಯುವುದಕ್ಕೂ, ಧಾನ್ಯ ಅಳೆಯುವುದಕ್ಕೂ, ಸಂತೆ ಕೂಡುವುದಕ್ಕೂ, ತೇರು ಹರಿಯುವುದಕ್ಕೂ ಅಂಥ ನೆಲವೇ ಬೇಕು.

ಮಧುಗಿರಿಯ ಬೆಟ್ಟವು ಸಮುದ್ರಮಟ್ಟದಿಂದ ೩,೯೩೦ ಅಡಿಗಳ ಎತ್ತರವುಳ್ಳದ್ದು. ಅದರ ಅಡಿಯಲ್ಲಿ ವೆಂಕಟರಮಣಸ್ವಾಮಿಯ ದೇವಸ್ಥಾನವೂ ಮಲ್ಲೇಶ್ವರಸ್ವಾಮಿಯ ದೇವಸ್ಥಾನವೂ ಒಂದರ ಪಕ್ಕದಲ್ಲೊಂದು ನಿಂತಿವೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಅಲ್ಲಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ಮಗನನ್ನೂ ಈ ಬೆಟ್ಟದ ಮೇಲೆ ಸೆರೆಯಲ್ಲಿಟ್ಟನು. ೧೭೬೭ರಲ್ಲಿ ಮಾಧವರಾಯ ಪೇಶ್ವೆಯ ಸೈನ್ಯವು ಕೋಟೆಯನ್ನು ಹಿಡಿದು ಅವರನ್ನು ಬಿಡಿಸಿತು. ಒಂದು ರಾಜ್ಯವನ್ನಾಳಿದ ಆ ಹೆಂಗಸು ನಾಲ್ಕು ವರ್ಷ ಕೆಳಗಿನ ಊರನ್ನು ಮೇಲಿನಿಂದ ನೋಡುತ್ತಿದ್ದಳಲ್ಲದೆ ಇಳಿದು ಬರಲಾರದವಳಾಗಿದ್ದಳು. ನೋಡುವುದು ಬೇರೆ, ಕಾಲಿಡುವುದು ಬೇರೆ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು.

ಶಿರಾ ಪಟ್ಟಣದ ಚರಿತ್ರೆಯು ಇನ್ನೊಂದು ಪಾಠವನ್ನು ಹೇಳುವುದು. ೧೬೮೭ರಲ್ಲಿ ಅದು ಮೊಗಲರ ವಶವಾಗಿ ಒಂದು ಸುಭಾದ ರಾಜಧಾನಿಯಾಯಿತು. ಅಲ್ಲಿಯ ಜುಮ್ಮಾ ಮಸೀದಿಯು ೧೬೯೬ರದು. ದಿಲಾವರ್ ಖಾನನ ಕಾಲದಲ್ಲಿ ಊರಿನಲ್ಲಿ ೫೦,೦೦೦ ಮನೆಗಳಿದ್ದುವೆಂದು ಹಳೆಯ ಗ್ಯಾಸೆಟಿಯರಿನಲ್ಲಿ ಹೇಳಿದೆ. ಮುಂದೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಜನಬೇಕೆಂದು ಶಿರಾದಿಂದ ೧೨,೦೦೦ ಕುಟುಂಬಗಳನ್ನು ಎಬ್ಬಿಸಿ ಕಳುಹಿಸಿದರೆಂದೂ ಅದರಲ್ಲಿಯೇ ಇದೆ. ಕೋಟೆ ಅಲ್ಲಿಯೇ ಇದ್ದಿತು, ಮಸೀದಿ ಅಲ್ಲಿಯೇ ಇದ್ದಿತು. ಪೇಟೆಯಲ್ಲಿ ಮಾತ್ರ ಮಾತನಾಡುವವರು ಕಡಮೆಯಾದರು. ಜನರು ಬಂದು ನಿಂತರೆ ಬಯಲು. ಬಾರದಿದ್ದರೆ ಬರಿಯ ನೆಲ.

೨. ಒಂದು ಬಯಲು, ಮೂರು ಪಂಚಾಂಗ

ವರ್ಷವನ್ನು ಸುತ್ತುವುದಕ್ಕೆ ಮುಂಚೆ ಅದನ್ನು ಎಣಿಸುವ ಕ್ರಮವನ್ನು ತಿಳಿಯಬೇಕು. ನಮ್ಮ ಬಯಲಿನ ವರ್ಷವು ಒಂದಲ್ಲ, ಮೂರು.

ಮೊದಲನೆಯದು ಯುಗಾದಿಯಿಂದ ಆರಂಭವಾಗುವ ಚಾಂದ್ರಮಾನದ ವರ್ಷ. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ ಸುಮಾರು ೩೫೪ ದಿನಗಳಾಗುವುವು. ಸೂರ್ಯನ ವರ್ಷಕ್ಕೆ ಸುಮಾರು ೧೧ ದಿನಗಳ ಕೊರತೆ. ಈ ಕೊರತೆಯನ್ನು ತುಂಬಲು ಎರಡೂವರೆ ಮೂರು ವರ್ಷಗಳಿಗೊಮ್ಮೆ ಒಂದು ಅಧಿಕಮಾಸವನ್ನು ಸೇರಿಸುವರು. ಆದುದರಿಂದ ಯುಗಾದಿಯು ಮಾರ್ಚ್ ಏಪ್ರಿಲ್‌ಗಳನ್ನು ದಾಟಿ ಹೋಗುವುದಿಲ್ಲ. ಎರಡನೆಯದು ಹಿಜರಿ ವರ್ಷ. ಅದೂ ಚಂದ್ರನದೇ, ಆದರೆ ಅದರಲ್ಲಿ ಅಧಿಕಮಾಸವಿಲ್ಲ. ಆದಕಾರಣ ರಂಜಾನ್, ಬಕ್ರೀದ್, ಮೊಹರಮ್‌ಗಳು ವರ್ಷವರ್ಷವೂ ಸುಮಾರು ೧೧ ದಿನ ಹಿಂದೆ ಸರಿಯುತ್ತ, ಸುಮಾರು ೩೩ ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುವುವು. ೨೦೩೦ನೆಯ ಇಸವಿಯಲ್ಲಿ ರಂಜಾನ್ ಮಾಸವು ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಆರಂಭವಾಗುವುದು. ಮೂರನೆಯದು ಕಚೇರಿಯ ಮತ್ತು ಶಾಲೆಯ ವರ್ಷ. ಜನವರಿ ೨೬, ಆಗಸ್ಟ್ ೧೫, ಅಕ್ಟೋಬರ್ ೨, ನವೆಂಬರ್ ೧, ಡಿಸೆಂಬರ್ ೨೫, ಇವು ಕದಲುವುದಿಲ್ಲ.

ಹೀಗೆ ಒಂದು ನಿಲ್ಲುವುದು, ಒಂದು ಆಚೆ ಈಚೆ ಓಲಾಡುವುದು, ಒಂದು ಸುತ್ತುತ್ತಲೇ ಇರುವುದು. ಇದರಿಂದ ಕೆಲವು ವರ್ಷಗಳಲ್ಲಿ ಎರಡು ಸಮುದಾಯಗಳ ಹಬ್ಬಗಳು ಒಂದೇ ವಾರದಲ್ಲಿ, ಒಂದೇ ದಾರಿಯಲ್ಲಿ ಎದುರಾಗುವುವು. ಗಣಪತಿಯ ಮೆರವಣಿಗೆಯೂ ಮಿಲಾದಿನ ಮೆರವಣಿಗೆಯೂ ಹಾಗೆ ಹತ್ತಿರ ಬಂದಾಗ ಉಭಯ ಪಕ್ಷದ ಹಿರಿಯರನ್ನು ಅಧಿಕಾರಿಗಳು ಕರೆದು ಕೂರಿಸಿ, ಯಾರು ಯಾವ ಹೊತ್ತಿಗೆ ಯಾವ ಬೀದಿಯಲ್ಲಿ ಹೋಗತಕ್ಕದ್ದೆಂದು ಗೊತ್ತುಮಾಡುವುದುಂಟು. ಈ ಸಭೆಯನ್ನು ಕ್ಷುಲ್ಲಕವೆಂದು ಎಣಿಸಬಾರದು. ಎರಡು ಮನೆಯವರು ಒಂದು ಬಾವಿಯ ಹಗ್ಗವನ್ನು ಸರದಿಯಂತೆ ಹಿಡಿಯುವುದನ್ನು ಕಲಿತರೆ ಕೊಡವೂ ಒಡೆಯದು, ನೀರೂ ಕದಡದು.

೩. ಯುಗಾದಿಯಿಂದ ಮುಂಗಾರಿನವರೆಗೆ

ಚೈತ್ರದಲ್ಲಿ ಹೊಂಗೆ ಚಿಗುರುವುದು, ಬಯಲಿನ ಹುಲ್ಲು ಒಣಗಿರುವುದು. ಯುಗಾದಿಯ ದಿನ ಗುಡಿಯ ಮುಂದೆ ಪಂಚಾಂಗವನ್ನು ಓದಿಸಿ ಮಳೆಬೆಳೆಗಳ ಫಲವನ್ನು ಕೇಳುವರು. ಒಕ್ಕಲಮಕ್ಕಳು ಹೊನ್ನಾರು ಕಟ್ಟಿ ಮೊದಲ ಸಾಲನ್ನು ಉಳುವರು. ಏಪ್ರಿಲ್ ೧೪ರಂದು ಡಾಕ್ಟರ್ ಅಂಬೇಡ್ಕರರ ಜಯಂತಿ. ಊರ ಕೆರೆಯ ನೀರನ್ನು ಮುಟ್ಟಲು ಒಂದು ಕಾಲದಲ್ಲಿ ಅಪ್ಪಣೆಯಿಲ್ಲದಿದ್ದವರ ಮೊಮ್ಮಕ್ಕಳು ಅಂದು ಅವರ ಪಟವನ್ನು ಹೊತ್ತು ಊರ ನಡುವೆ ನಡೆಯುವರು. ಇದು ನಮ್ಮ ಬಯಲಿನ ಹೊಸ ಹಬ್ಬಗಳಲ್ಲಿ ಬಹು ಮುಖ್ಯವಾದುದು.

ಏಪ್ರಿಲ್ ತಿಂಗಳಿಗೆ ಸೇರಿದ ಮತ್ತೊಂದು ದಿನವನ್ನು ಇಲ್ಲಿ ನಿಂತು ನೆನೆಯಬೇಕು. ಮಧುಗಿರಿ ಸೀಮೆಯ ಪೂರ್ವಕ್ಕೆ ಗೌರಿಬಿದನೂರು ತಾಲ್ಲೂಕು. ಅಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವೆಂಬ ಕ್ಷೇತ್ರ. ೧೯೩೮ರಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನವರು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ತ್ರಿವರ್ಣದ ಬಾವುಟವನ್ನು ಏರಿಸಿದರು. ಅದೇ ತಿಂಗಳ ೨೫ನೆಯ ತಾರೀಖು ವಿದುರಾಶ್ವತ್ಥದ ಜಾತ್ರೆಗೆ ಸೇರಿದ್ದ ಜನರ ನಡುವೆಯೂ ಬಾವುಟದ ಸಭೆಯು ನಡೆಯಿತು. ಪೋಲೀಸಿನವರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವುಂಟು. ಜನರು ಹೇಳುವ ಸಂಖ್ಯೆಯು ಮೂವತ್ತನ್ನು ಮೀರುವುದು. ಸತ್ತವರಲ್ಲಿ ಗೌರಮ್ಮನೆಂಬ ಗರ್ಭಿಣಿಯೂ ಒಬ್ಬಳೆಂದು ಆ ಸೀಮೆಯ ಜನ ಇಂದಿಗೂ ನೆನೆಯುವರು. ಮರುತಿಂಗಳು ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ, ಸಂಸ್ಥಾನದ ಬಾವುಟದೊಡನೆ ರಾಷ್ಟ್ರಬಾವುಟವನ್ನೂ ಹಾರಿಸಬಹುದೆಂದು ಆಯಿತು.

ಈ ಚರಿತ್ರೆಯಲ್ಲಿ ಕಲಿಯತಕ್ಕ ಅಂಶವೇನೆಂದರೆ, ಆ ಬಾವುಟವು ಏರಿದುದು ಜಾತ್ರೆಯ ಬಯಲಿನಲ್ಲಿ. ಜನರು ಹಣ್ಣುಕಾಯಿ ಹಿಡಿದು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುವ ಸ್ಥಳ ಅದು. ಜಾತ್ರೆಗೆ ಬರಲು ಹೆಂಗಸರಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆದುದರಿಂದಲೇ ರಾಜಕೀಯ ಸಭೆಗಳಿಗೆ ಎಂದೂ ಹೋಗದವರೂ ಅಂದು ಆ ಸಭೆಯಲ್ಲಿ ಇದ್ದರು.

ಮೇ ತಿಂಗಳು ಮದುವೆಗಳಲ್ಲಿ ಕಳೆಯುವುದು. ಬಳಿಕ ಕಣ್ಣುಗಳೆಲ್ಲ ಆಕಾಶದ ಕಡೆಗೆ. ಮಧುಗಿರಿ, ಶಿರಾ, ಪಾವಗಡಗಳಲ್ಲಿ ಕಡಲೆಕಾಯಿ ದೊಡ್ಡ ಬೆಳೆ. ಜೂನ್ ಜುಲೈಗಳಲ್ಲಿ ಹದವಾದರೆ ಊರು ಬರಿದಾಗಿ ಹೊಲಗಳು ತುಂಬುವುವು. ಮಳೆ ಬಾರದಿದ್ದರೆ ಬಯಲು ತುಂಬುವುದು. ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಹೊತ್ತು ಮನೆಮನೆಗೆ ಹೋಗುವರು, ಮನೆಯವರು ಅವನ ಮೇಲೆ ನೀರು ಸುರಿದು ಹಿಟ್ಟು ನೀಡುವರು. ಬರಗಾಲದ ವರ್ಷಗಳಲ್ಲಿ ಈ ಸೀಮೆಯ ಬಯಲುಗಳಲ್ಲಿ ಗೋಶಾಲೆಗಳು ಏರ್ಪಟ್ಟು, ರೈತರು ದನಗಳ ಪಕ್ಕದಲ್ಲಿಯೇ ಹಗಲಿರುಳು ಕಾದಿರುವುದನ್ನು ನಾವು ಕಂಡಿದ್ದೇವೆ. ಹಬ್ಬವಿಲ್ಲದ ಕೂಟಗಳೂ ಉಂಟೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.

೪. ಶ್ರಾವಣದಿಂದ ರಾಜ್ಯೋತ್ಸವದವರೆಗೆ

ಶ್ರಾವಣ ಬಂದಿತೆಂದರೆ ಪಾವಗಡದ ದಾರಿಗಳೆಲ್ಲ ತುಂಬುವುವು. ಅಲ್ಲಿಯ ಶನೈಶ್ಚರಸ್ವಾಮಿಯ ದೇವಸ್ಥಾನಕ್ಕೆ ಶ್ರಾವಣ ಶನಿವಾರಗಳಲ್ಲಿ ಕರ್ನಾಟಕದಿಂದಲೂ ಆಂಧ್ರದಿಂದಲೂ ಜನ ಬರುವರು. ಪಾವಗಡವನ್ನು ಬಹುಭಾಗ ಆಂಧ್ರದ ಸೀಮೆಯೇ ಬಳಸಿಕೊಂಡಿರುವುದರಿಂದ ಅಲ್ಲಿಯ ಬೀದಿಯಲ್ಲಿ ಕನ್ನಡವೂ ತೆಲುಗೂ ಅಕ್ಕತಂಗಿಯರಂತೆ ನಡೆಯುವುವು. ತೆಂಗಿನಕಾಯಿ ಮಾರುವವಳು ಗಿರಾಕಿಯ ಮುಖ ನೋಡಿ ಭಾಷೆಯನ್ನು ಬದಲಿಸುವಳು.

ಆಗಸ್ಟ್ ೧೫ರ ದಿನ ಪ್ರೌಢಶಾಲೆಗಳ ಮೈದಾನವೇ ಊರ ಬಯಲಾಗುವುದು. ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿಗಳು, ಉಳಿದ ಊರುಗಳಲ್ಲಿ ತಹಶೀಲ್ದಾರರು ಬಾವುಟವನ್ನು ಏರಿಸುವುದು ಪದ್ಧತಿ. ೧೯೪೭ರ ಆಗಸ್ಟ್ ೧೫ರಂದು ಮೈಸೂರಿನಲ್ಲಿ ಪ್ರಜೆಗಳ ಸರ್ಕಾರವು ಇನ್ನೂ ಬಂದಿರಲಿಲ್ಲವೆಂಬುದನ್ನು ಇಂದಿನ ಮಕ್ಕಳು ಅರಿಯರು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ನಡೆದು, ವಿದ್ಯಾರ್ಥಿಗಳು ಶಾಲೆಗಳನ್ನು ಬಿಟ್ಟು ಬೀದಿಗಿಳಿದ ಮೇಲೆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಏರ್ಪಟ್ಟಿತು. ಬಯಲಿನಲ್ಲಿ ನಿಂತು ಕೇಳಿದುದರಿಂದಲೇ ನಮ್ಮ ಸೀಮೆಗೆ ಪ್ರಜಾಪ್ರಭುತ್ವವು ಬಂದಿತು.

ಭಾದ್ರಪದದಲ್ಲಿ ಗೌರಿಯು ಮನೆಯೊಳಗೆ, ಗಣಪತಿಯು ಬೀದಿಯಲ್ಲಿ. ಈ ಮಾತನ್ನು ಹಾಸ್ಯಕ್ಕಾಗಿ ಹೇಳಲಿಲ್ಲ. ತಾಯಿಯ ಹಬ್ಬವು ಬಾಗಿನ ಕೊಟ್ಟು ಹೊಸಿಲಿನ ಒಳಗೆ ಮುಗಿಯುವುದು. ಮಗನ ಹಬ್ಬಕ್ಕೆ ಚಪ್ಪರ, ವಾದ್ಯ, ಮೆರವಣಿಗೆ. ನಮ್ಮ ಬಾಲಕಿಯರ ನಕ್ಷೆಗಳಲ್ಲಿ ನಡುಭಾಗವು ಏಕೆ ಬರಿದಾಗಿತ್ತೆಂಬುದಕ್ಕೆ ಇದೂ ಒಂದು ಉತ್ತರವಾಗಿರಬಹುದು.

ವಿಜಯದಶಮಿಯಂದು ದೇವರುಗಳು ಊರ ಹೊರಗಿನ ಬನ್ನಿಮರದೆಡೆಗೆ ಬಿಜಯಮಾಡುವುವು. ಹಳೆಯ ಮೈಸೂರಿನ ತಾಲ್ಲೂಕು ಊರುಗಳಲ್ಲಿ ಹಿಂದೆ ಅಮಲ್ದಾರರೂ ಅವರ ಬಳಿಕ ತಹಶೀಲ್ದಾರರೂ ಬಾಳೆಯ ಕಂದನ್ನು ಕಡಿದು ಈ ಉತ್ಸವವನ್ನು ನಡೆಯಿಸುವ ರೂಢಿಯುಂಟು. ಜನರು ಬನ್ನಿಯ ಎಲೆಯನ್ನು ಕೊಟ್ಟು ಕೈಮುಗಿದು ಹಳೆಯ ಮನಸ್ತಾಪಗಳನ್ನು ಮರೆಯುವರು.

ಬಾಬಯ್ಯನ ಹಬ್ಬವೆಂದು ಹಳ್ಳಿಗರು ಕರೆಯುವ ಮೊಹರಮ್ಮಿಗೆ ಗೊತ್ತಾದ ಋತುವಿಲ್ಲ. ಅದು ಬಂದಾಗ ಗುಂಡಿಯಲ್ಲಿ ಕೆಂಡ ಮಾಡಿ, ಪಂಜಾಗಳನ್ನು ಹೊರಡಿಸುವರು. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹಿಂದುಗಳೂ ಅದಕ್ಕೆ ಸಕ್ಕರೆ ಓದಿಸಿ ಹರಕೆ ಸಲ್ಲಿಸುವರು.

ನವೆಂಬರ್ ೧ ಕನ್ನಡ ರಾಜ್ಯೋತ್ಸವ. ೧೯೫೬ರಲ್ಲಿ ರಾಜ್ಯವು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅಂದು ಮೈದಾನದಲ್ಲಿ ಹಾಡುವ ಸಾಲಿನಲ್ಲಿ ಮನೆಯಲ್ಲಿ ತೆಲುಗನ್ನಾಡುವ ಬಾಲಕಿಯೂ, ದಖ್ಖನಿಯನ್ನಾಡುವ ಬಾಲಕಿಯೂ, ಕನ್ನಡವನ್ನೇ ಆಡುವವಳ ಭುಜಕ್ಕೆ ಭುಜ ಸೇರಿಸಿ ನಿಲ್ಲುವರು. ಮೂವರ ಕಂಠವೂ ಕೂಡಿ ಒಂದು ನಾಡಗೀತೆಯಾಗುವುದು.

೫. ಸುಗ್ಗಿಯಿಂದ ಮಾರಮ್ಮನ ಜಾತ್ರೆಯವರೆಗೆ

ಕಡಲೆಕಾಯಿ ಕಿತ್ತು, ರಾಗಿ ಕೊಯ್ದು, ಕಣಗಳು ತುಂಬಿದಾಗ ಕೈಯಲ್ಲಿ ನಾಲ್ಕು ಕಾಸು ಆಡುವುದು. ಕಾಲಿಗೆ ಜಾತ್ರೆಯ ದಾರಿ ನೆನಪಾಗುವುದು. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ಹಾಡುಗಳು ಕೇರಿಗಳಲ್ಲಿ ಕೇಳಿಬರುವುವು. ಜನವರಿಯ ನಡುವೆ ಸಂಕ್ರಾಂತಿ. ಅಂದು ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬಯಲಿನಲ್ಲಿ ಹುಲ್ಲಿಗೆ ಬೆಂಕಿಯಿಟ್ಟು ಕಿಚ್ಚು ಹಾಯಿಸುವರು. ಬಾಲಕಿಯರು ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಯಿಂದ ಮನೆಗೆ ಹೋಗುವರು.

ಪುಷ್ಯ ಶುದ್ಧ ಷಷ್ಠಿಗೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ತೇರು. ಕುಕ್ಕೆಯನ್ನು ಆದಿಯೆಂದೂ, ಘಾಟಿಯನ್ನು ಮಧ್ಯವೆಂದೂ, ಇದನ್ನು ಅಂತ್ಯ ಸುಬ್ರಹ್ಮಣ್ಯವೆಂದೂ ಕರೆಯುವುದುಂಟು. ವಿದುರಾಶ್ವತ್ಥದ ಬದಿಯಲ್ಲಿ ಹರಿದ ಉತ್ತರ ಪಿನಾಕಿನಿಯೇ ಇಲ್ಲಿಯೂ ಹರಿಯುವುದು. ಈ ಊರಿನ ನೆರೆಹೊರೆಯಲ್ಲಿಯೇ, ತಿರುಮಣಿಯ ಸುತ್ತಣ ಹಳ್ಳಿಗಳಲ್ಲಿ, ಸುಮಾರು ೧೩,೦೦೦ ಎಕರೆಗಳ ಮೇಲೆ ೨,೦೫೦ ಮೆಗಾವ್ಯಾಟಿನ ಸೌರವಿದ್ಯುತ್ತಿನ ಉದ್ಯಾನವು ೨೦೧೮ರಿಂದ ಕೆಲಸಮಾಡಲಾರಂಭಿಸಿತು. ರೈತರು ನೆಲವನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು; ವರ್ಷವರ್ಷವೂ ಗುತ್ತಿಗೆಯ ಹಣ ಬರುವುದು. ಹಣ ಬರುವುದು ನಿಜವಾದರೂ, ದನ ಮೇಯುತ್ತಿದ್ದ ನೆಲಕ್ಕೆ ಬೇಲಿಯಾದ ಮೇಲೆ ದನಗಳ ಸಂಖ್ಯೆಯೂ, ಕೂಲಿಯ ದಾರಿಯೂ, ಜನರು ಕೂಡುವ ಬಗೆಯೂ ಬದಲಾಗದೆ ಇರಲಾರವು. ಬಯಲೊಂದಕ್ಕೆ ಬೇಲಿ ಬೀಳುವುದಕ್ಕೆ ಮುಂಚೆ ಏನೇನನ್ನು ಎಣಿಸಬೇಕೆಂಬುದಕ್ಕೆ ಇದು ನಮ್ಮ ಕಣ್ಣೆದುರಿನ ಪಾಠ.

ಜನವರಿ ೨೬ರಂದು ಬಯಲಿನಲ್ಲಿ ಮತ್ತೆ ಬಾವುಟ. ಆ ದಿನದ ಅರ್ಥವನ್ನು ಮುಂದೆ ವಿವರಿಸುವೆವು.

ಸಂವತ್ಸರದ ಕೊನೆಗೆ, ಬಿಸಿಲು ಏರುವ ಹೊತ್ತಿಗೆ, ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ. ದಂಡು ಎಂದರೆ ಸೈನ್ಯ. ಕೋಟೆಯ ಕಾಲದ ನೆನಪು ಹೆಸರಿನಲ್ಲಿಯೇ ಅಡಗಿರುವಂತೆ ತೋರುವುದು. ತೇರು ಹರಿಯುವುದು, ದೂರದ ಊರುಗಳಿಂದ ನೆಂಟರು ಬರುವರು, ಬಳೆಯವರೂ ಬತ್ತಾಸಿನವರೂ ಸಾಲುಗಟ್ಟುವರು. ಇಂಥ ಜಾತ್ರೆಗಳಲ್ಲಿ ಹಿಂದೆ ನಡೆಯುತ್ತಿದ್ದ ಪ್ರಾಣಿಬಲಿಯನ್ನು ೧೯೫೯ರ ಕಾಯಿದೆಯು ನಿಷೇಧಿಸಿತು.

ಮಾರಮ್ಮನ ಜಾತ್ರೆಯಲ್ಲಿ ನಾವು ಮುಖ್ಯವಾಗಿ ಗಮನಿಸತಕ್ಕದ್ದು ಆರತಿಯನ್ನು. ಹೆಂಗಸರು ತಂಬಿಟ್ಟಿನ ಆರತಿಯನ್ನು ಹೂವಿನಿಂದ ಸಿಂಗರಿಸಿ, ದೀಪವನ್ನು ಹಚ್ಚಿ, ತಲೆಯ ಮೇಲೆ ಹೊತ್ತು, ವಾದ್ಯದೊಡನೆ ಊರ ನಡುವೆಯೇ ನಡೆಯುವರು. ಗಂಡಸರು ಪಕ್ಕಕ್ಕೆ ಸರಿದು ದಾರಿ ಬಿಡುವರು. ಅಂದು ನಡುವೆ ಹೆಂಗಸರು, ಅಂಚಿನಲ್ಲಿ ಗಂಡಸರು. ಯಾರೂ ಇದನ್ನು ಅನುಚಿತವೆಂದು ಹೇಳಿದ್ದಿಲ್ಲ. ಹೊತ್ತು ಮೀರಿತೆಂದು ಗದರಿದವರಿಲ್ಲ. ಹಾಗಿದ್ದ ಮೇಲೆ ನಮ್ಮ ಊರಿಗೆ ಹೆಣ್ಣುಮಕ್ಕಳು ನಡುವೆ ನಡೆಯುವುದು ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದುದನ್ನು ಒಂದೆರಡು ದಿನಕ್ಕೆ ಕಟ್ಟಿಹಾಕಿದ್ದೇವೆ, ಅಷ್ಟೆ.

೬. ಹಬ್ಬವಿಲ್ಲದ ದಿನಗಳು

ಜಾತ್ರೆ ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ. ಸಂತೆಯಲ್ಲಿ ಸೊಪ್ಪು, ಹೂವು, ಹುಣಿಸೆ, ಮಡಕೆಗಳನ್ನಿಟ್ಟುಕೊಂಡು ಕುಳಿತವರಲ್ಲಿ ಹೆಂಗಸರು ಬಹುಮಂದಿ. ಅವರು ಬೆಳಗಿನ ಜಾವಕ್ಕೆ ಹಳ್ಳಿ ಬಿಟ್ಟು ಬರುವರು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವರು. ತೂಕದಲ್ಲಿ ಮೋಸಹೋಗದೆ, ಚೌಕಾಸಿಯಲ್ಲಿ ಸೋಲದೆ, ಯಾರ ಮುಂದೆಯೂ ತಲೆತಗ್ಗಿಸದೆ ವ್ಯಾಪಾರ ಮಾಡುವರು. ಓದು ಬಾರದ ಈ ತಾಯಂದಿರು ಬಯಲಿನಲ್ಲಿ ಕುಳಿತುಕೊಳ್ಳುವುದನ್ನು ಬಲ್ಲರು. ನಮ್ಮಲ್ಲಿ ಓದಿದ ಹೆಣ್ಣುಮಕ್ಕಳು ಅವರ ಮುಂದೆ ಕೈಚೀಲ ಹಿಡಿದು ಬೇಗ ಬೇಗ ಹಾದುಹೋಗುವರು. ವಿದ್ಯೆಯು ನಮಗೆ ಹೆಚ್ಚು ಧೈರ್ಯವನ್ನು ಕೊಡಬೇಕಾಗಿತ್ತಲ್ಲವೇ?

ಈ ಮಾರಾಟಗಾರರ ಹಕ್ಕಿಗೆ ೨೦೧೪ರಲ್ಲಿ ಒಂದು ಕಾಯಿದೆ ಬಂದಿತು. ಪಟ್ಟಣದ ಬೀದಿ ವ್ಯಾಪಾರದ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಾಗಿರಬೇಕು ಎಂದು ಅದರಲ್ಲಿದೆ. ಸಂತೆಯ ನೆಲದಲ್ಲಿ ನೆರಳು, ನೀರು, ದೀಪ, ಹೆಂಗಸರಿಗೆ ಮರೆಯಾದ ಶೌಚಗೃಹ, ಈ ನಾಲ್ಕು ಇದ್ದರೆ ಆ ಕಾಯಿದೆಯು ಕಾಗದದಿಂದ ನೆಲಕ್ಕೆ ಇಳಿದಂತೆ. ಬಯಲು ಹೆಣ್ಣುಮಕ್ಕಳಿಗೆ ಸೇರಿದ್ದೆಂದು ಎಷ್ಟು ಭಾಷಣ ಮಾಡಿದರೂ, ಕತ್ತಲಾದ ಮೇಲೆ ಅಲ್ಲಿ ಒಂದು ದೀಪವಿಲ್ಲದಿದ್ದರೆ ಆ ಭಾಷಣಕ್ಕೆ ಬೆಲೆಯಿಲ್ಲ.

೭. ಬಯಲು ಯಾರದು?

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟಿದೆ. ಅದರ ೧೫ನೆಯ ವಿಧಿಯ ಪ್ರಕಾರ ಧರ್ಮ, ಕುಲ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದಲೇ ಯಾರನ್ನೂ ಸಾರ್ವಜನಿಕವಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮತ್ತು ಜನರು ಕೂಡುವ ಸ್ಥಳಗಳಿಂದ ದೂರವಿಡಲಾಗದು. ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ೧೯ನೆಯ ವಿಧಿಯು ಆಯುಧವಿಲ್ಲದೆ ಶಾಂತವಾಗಿ ಸಭೆ ಸೇರುವ ಹಕ್ಕನ್ನು ನಾಗರಿಕರೆಲ್ಲರಿಗೂ ಕೊಟ್ಟಿತು. ವಿದುರಾಶ್ವತ್ಥದಲ್ಲಿ ಪ್ರಾಣವನ್ನಿತ್ತು ಕೇಳಿದ ಹಕ್ಕು ಹನ್ನೆರಡು ವರ್ಷಗಳ ಮೇಲೆ ಬರವಣಿಗೆಯಲ್ಲಿ ಬಂದಿತು. ೧೫ನೆಯ ವಿಧಿಯಲ್ಲಿ ಜಾತಿಯೊಡನೆ ಲಿಂಗವನ್ನೂ ಹೇಳಿರುವುದನ್ನು ನಮ್ಮ ಬಾಲಕಿಯರು ಕಂಠಪಾಠ ಮಾಡತಕ್ಕದ್ದು.

ಕರ್ನಾಟಕವು ಇನ್ನೂ ಒಂದು ಹೆಜ್ಜೆ ಮುಂದೆ ನಡೆಯಿತು. ೧೯೮೭ರ ಮಂಡಲ ಪಂಚಾಯಿತಿಯ ಚುನಾವಣೆಗಳಲ್ಲಿಯೇ ಹೆಂಗಸರಿಗೆ ನಾಲ್ಕನೆಯ ಒಂದು ಪಾಲು ಸ್ಥಾನಗಳಿದ್ದುವು. ೧೯೯೩ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಅದು ಮೂರನೆಯ ಒಂದು ಪಾಲಾಯಿತು. ೨೦೧೦ರ ತಿದ್ದುಪಡಿಯಿಂದ ಅರ್ಧವಾಯಿತು. ಗ್ರಾಮಸಭೆಯು ಹಳ್ಳಿಯ ಕಟ್ಟೆಯ ಬಳಿ, ಎಲ್ಲರ ಎದುರಿಗೆ ನಡೆಯತಕ್ಕದ್ದು. ಅಲ್ಲಿ ಸ್ಥಾನವುಳ್ಳ ಹೆಂಗಸು ಗಂಡನನ್ನೋ ಮಗನನ್ನೋ ಮುಂದೆ ಮಾತಿಗೆ ನಿಲ್ಲಿಸಿ ತಾನು ಹಿಂದೆ ಮರೆಯಾದರೆ, ಕಾಯಿದೆಯು ಕೊಟ್ಟುದನ್ನು ಅಭ್ಯಾಸವು ಕಿತ್ತುಕೊಂಡಂತಾಗುವು­ದು. ಆ ಅಭ್ಯಾಸವು ಬಾಲ್ಯದಲ್ಲಿ, ಬಯಲಿನ ಅಂಚಿನಲ್ಲಿ, “ಅಲ್ಲಿ ಏಕೆ ನಿಂತಿದ್ದೀಯೆ? ಬೇಗ ಮನೆಗೆ ನಡೆ” ಎಂಬ ಮಾತಿನಿಂದ ಹುಟ್ಟುವುದು.

ತಾಯಿತಂದೆಗಳೇ, ಆ ಮಾತಿನ ಹಿಂದಿರುವ ಭಯವನ್ನು ನಾವು ಅರಿಯದವರಲ್ಲ. ಊರು ಮೊದಲಿನಂತೆ ಇಲ್ಲ. ಗುರುತಿಲ್ಲದ ಮುಖಗಳು ಹೆಚ್ಚು. ಮಗಳು ಮನೆ ಸೇರುವ ತನಕ ಕಣ್ಣು ಬಾಗಿಲಲ್ಲಿಯೇ ಇರುವುದು. ಆದರೆ ಒಳ್ಳೆಯವರು ಬಿಟ್ಟುಬಂದ ಬಯಲು ಖಾಲಿಯಾಗಿ ಉಳಿಯುವುದಿಲ್ಲ. ಕೆಟ್ಟುದು ಬಂದು ಅಲ್ಲಿ ಕೂರುವುದು. ಬಯಲನ್ನು ಕಾಯುವುದಕ್ಕೆ ಉಪಾಯವೆಂದರೆ ಅದನ್ನು ಬಳಸುವುದು. ವಾರದಲ್ಲಿ ಒಂದು ಸಂಜೆ ಮಗಳೊಡನೆ ನೀವೂ ಬಯಲಿಗೆ ಹೋಗಿ ಕುಳಿತುಬನ್ನಿರಿ. ಹತ್ತು ಮನೆಯವರು ಹಾಗೆ ಹೋದರೆ ಅದು ಹತ್ತು ಮನೆಯ ಅಂಗಳವಾಗುವುದು.

ಹಿಂದೆ ಕಲಿತುಹೋದ ಸೋದರಿಯರೇ, ನಿಮ್ಮಲ್ಲಿ ಉಪಾಧ್ಯಾಯಿನಿಯರೂ, ದಾದಿಯರೂ, ಕಚೇರಿಯಲ್ಲಿರುವವರೂ, ಪಂಚಾಯಿತಿಯ ಸದಸ್ಯೆಯರೂ ಇರುವಿರಿ. ನಿಮ್ಮ ಊರಿನ ಬಯಲು ಒತ್ತುವರಿಯಾಗುತ್ತಿದ್ದರೆ ಅದರ ಅಳತೆಯನ್ನು ಕೇಳಿರಿ. ದೀಪವಿಲ್ಲದಿದ್ದರೆ ಅರ್ಜಿಯನ್ನು ಬರೆಯಿರಿ. ಗ್ರಾಮಸಭೆ ನಡೆದರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ. ನಿಮ್ಮನ್ನು ನೋಡಿ ಚಿಕ್ಕವರು ಕಲಿಯುವರು.

ಅಭ್ಯಾಸಕ್ಕೆ

(ಅ) ನಿಮ್ಮ ಊರಿನ ಬಯಲಿನಲ್ಲಿ ಯುಗಾದಿಯಿಂದ ಯುಗಾದಿಯವರೆಗೆ ನಡೆಯುವ ಕೂಟಗಳ ಪಟ್ಟಿಯನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ಪಂಚಾಂಗಕ್ಕೆ ಸೇರಿದ್ದೆಂದು ಗುರುತುಮಾಡಿರಿ.

(ಆ) ಆ ಕೂಟಗಳಲ್ಲಿ ನಡುವೆ ನಿಲ್ಲುವವರು ಯಾರು, ಅಂಚಿನಲ್ಲಿ ನಿಲ್ಲುವವರು ಯಾರು? ನಿಮ್ಮ ಅಜ್ಜಿಯ ಕಾಲದಲ್ಲಿ ಹೇಗಿತ್ತೆಂದು ಅವರನ್ನೇ ಕೇಳಿ ಬರೆಯಿರಿ.

(ಇ) ಬಯಲಿನಲ್ಲಿ ನೆರಳು, ನೀರು, ದೀಪ, ಶೌಚಗೃಹ ಇವು ಎಲ್ಲೆಲ್ಲಿವೆ? ಇಲ್ಲದಿರುವುದನ್ನು ಕುರಿತು ಪುರಸಭೆಗೋ ಪಂಚಾಯಿತಿಗೋ ಒಂದು ಅರ್ಜಿಯನ್ನು ಸಿದ್ಧಪಡಿಸಿರಿ.

ಕಡೆಯ ಮಾತು. ಆ ನಕ್ಷೆಗಳನ್ನು ನಾವು ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ. ಮುಂದಿನ ವರ್ಷ ಅದೇ ಬಾಲಕಿಯರಿಗೆ ಅದೇ ಕೆಲಸವನ್ನು ಮತ್ತೆ ಕೊಡುವೆವು. ಚುಕ್ಕಿಗಳು ಒಂದಂಗುಲವಾದರೂ ಒಳಕ್ಕೆ ಸರಿದಿದ್ದರೆ ಪಾಠವು ತಲೆಗೆ ಹತ್ತಿತೆಂದು ತಿಳಿಯುವೆವು. ಸರಿಯದಿದ್ದರೆ ತಪ್ಪು ಮಕ್ಕಳದಲ್ಲ; ನಮ್ಮದು, ಮತ್ತು ಊರಿನದು.